ಬೆವರದ ಕಲೆ ಕಂಡ ಕಣ್ಣು

ಸೂರ್ಯ ಇನ್ನೂ ಗೇರುಮರಗಳ ನೆತ್ತಿ ದಾಟಿಲ್ಲ. ಬೆಳಕು ನೆಲಕ್ಕೆ ಒರಗಿಕೊಂಡೇ ಬರುತ್ತಿದೆ. ಅಂಗಳದ ಒಂದೊಂದು ಹರಳಿಗೂ ಗೇಣುದ್ದದ ನೆರಳು. ನಮೆತಿಲಾ ಊರಿನ ಬಾವಿಯ ಪಕ್ಕ, ಮಗುಚಿ ಹಾಕಿದ ಮರದ ಒರಳಿನ ಮೇಲೆ ಕುಳಿತ ಮುವಾಜುಮಾ, ಸೈಕಲ್ಲಿನಲ್ಲಿ ಒಣಮೀನು ಮಾರುವವನೊಬ್ಬನ ಬರಿಬೆನ್ನನ್ನು ನೋಡುತ್ತಿದ್ದಾಳೆ.

"ತಿರುಗು. ಇನ್ನೊಂಚೂರು. ಹಾಂ, ಅಲ್ಲೇ. ಉಸಿರು ಯಾಕೆ ಕಟ್ಟಿದೀಯ? ನಿನ್ನನ್ನ ಕೊಂಡ್ಕೊಳ್ಳೋಕೆ ಬಂದಿಲ್ಲ ನಾನು."

ಅವನ ಹೆಗಲ ಮೇಲೆ ತಿಳಿಬಣ್ಣದ ಮಚ್ಚೆಗಳು ಹರಡಿಕೊಂಡಿವೆ. ಒಂದನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಾಳೆ. ಮರಗೆಣಸಿನ ಹಿಟ್ಟಿನಷ್ಟು ನವುರಾದ ಹುಡಿ ಉದುರುತ್ತದೆ. ಅವಳಿಗೆ ಅಷ್ಟು ಸಾಕು.

"ಚಿಬ್ಬು. ಗಂಧಕದ ಸೋಪು ಹಚ್ಚಿ ಸ್ನಾನ ಮಾಡು. ಮೈ ಒಣಗಿದ ಮೇಲೆ ಅಂಗಿ ಹಾಕು. ಮೀನಿನ ವಾಸನೆ ಹೋಗೋವರೆಗೂ ಉಜ್ಜು, ಚಿಬ್ಬೂ ಹೋಗುತ್ತೆ."

"ಹಂಗಾದ್ರೆ ಅವನ ಚಿಬ್ಬು ಅವನ ಜೊತೇಲೇ ಮಣ್ಣಿಗೆ ಹೋಗೋದು ಬಿಡು ಅಮ್ಮಾ," ಎಂದು ಸಾಲಿನಲ್ಲಿದ್ದ ಹೆಂಗಸೊಬ್ಬಳು ಅಂದಾಗ ಬಾವಿಕಟ್ಟೆಯೆಲ್ಲ ನಗುತ್ತದೆ. ಮೀನಿನವನೂ ನಗುತ್ತಾನೆ. ಅವನ ನಗುವಿನಲ್ಲಿ ಬೇರೆಯದೇ ಒಂದು ನಿರಾಳವಿದೆ. ಹೆಂಡತಿಯ ಮನೆಯವರು ಅದನ್ನು 'ದೊಡ್ಡ ಕಾಯಿಲೆ' ಅಂದಿದ್ದರು, ಎರಡು ವಾರದಿಂದ ಅವನಿಗೆ ಹೊರಗೇ ಊಟ ಇಡುತ್ತಿದ್ದರು. ಕುಷ್ಠ ಎನ್ನುವ ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಅವನ ಹಿಂದೆ ಇನ್ನೂ ಹತ್ತು ಜನ. ಬೆರಳ ಸಂದುಗಳಲ್ಲಿ ಕಜ್ಜಿಯೆದ್ದ ಮಗು, ಅದರ ಹಿಂದೆಯೇ ಕೆರೆದುಕೊಳ್ಳುತ್ತಿರುವ ತಾಯಿ. ತೊಡೆಯಲ್ಲಿ ಹುಳುಕಡ್ಡಿ ಆಗಿ, ಅದನ್ನು ತೋರಿಸಲು ನಾಚುತ್ತಿರುವ ಮಸೀದಿಯ ಮುದುಕ. ಹತ್ತೂ ಬೆರಳು ಕಪ್ಪಾಗಿ ಸುಲಿದುಹೋದ ಹೆಂಗಸೊಬ್ಬಳು. ಕಳೆದ ವರ್ಷ ಪಟ್ಟಣದಿಂದ ಬಂದ ಆರೋಗ್ಯ ತಂಡ ಅವಳ ಕೈ ನೋಡಿ ಶಿಲೀಂಧ್ರ ಎಂದು ಮುಲಾಮು ಕೊಟ್ಟು ಹೋಗಿತ್ತು. ಮುವಾಜುಮಾ ಕೈ ಹಿಡಿದು ಮೂಸಿ ನೋಡಿದ್ದಳು, ಅಷ್ಟೆ. ಅದು ಗೇರುಸಿಪ್ಪೆಯ ಎಣ್ಣೆ ಸುಟ್ಟ ಗಾಯ. ಈ ಸೀಮೆಯಲ್ಲಿ ಗೇರುಬೀಜ ಒಡೆಯದ ಹೆಣ್ಣುಮಗಳು ಯಾರಿದ್ದಾಳೆ? ಅಷ್ಟನ್ನು ಕೇಳಬೇಕೆಂದು ತಂಡದಲ್ಲಿ ಒಬ್ಬರಿಗೂ ತೋಚಲಿಲ್ಲ.

ಬೆಳಿಗ್ಗೆ ಐದೂಕಾಲರಿಂದ ಏಳೂವರೆಯವರೆಗೆ ಮಾತ್ರ ಅವಳು ಮೈ ನೋಡುವುದು. ಆಮೇಲೆ ಕಾಲು ಹಿಡಿದರೂ ನೋಡಳು. ಇದನ್ನು ಕೊಬ್ಬು ಎನ್ನುವವರಿದ್ದಾರೆ.

"ಮಧ್ಯಾಹ್ನದ ಬಿಸಿಲು ಸುಳ್ಳುಗಾರ," ಎನ್ನುತ್ತಾಳೆ ಅವಳು. "ನೆತ್ತಿ ಮೇಲಿಂದ ಬಿದ್ದು ಎಲ್ಲಾನೂ ಒಂದೇ ಬಣ್ಣ ಮಾಡಿಬಿಡುತ್ತೆ. ಬೆಳಗಿನ ಬೆಳಕು ಪಕ್ಕದಿಂದ ಬರುತ್ತೆ ನೋಡು, ಚರ್ಮದಲ್ಲಿ ಕೂದಲೆಳೆಯಷ್ಟು ದಿಣ್ಣೆ ಇದ್ರೂ ನೆರಳು ಬೀಳುತ್ತೆ. ಕಲೆಯ ಅಂಚು ಎದ್ದಿದ್ಯಾ, ಮಟ್ಟಸವಾಗಿದ್ಯಾ, ಹೊಟ್ಟು ಎದ್ದಿದ್ಯಾ, ಅಲ್ಲಿರೋ ಕೂದಲು ಉದುರಿದ್ಯಾ, ಎಲ್ಲಾ ಅದೇ ಹೇಳುತ್ತೆ. ನಾನು ಸುಮ್ನೆ ಕೇಳಿಸ್ಕೊಳ್ಳೋದು."

ಮುವಾಜುಮಾಳಿಗೆ ಈಗ ಐವತ್ತಾರು. ಓದಲು ಬಾರದು. ನಮೆತಿಲಾ ಮತ್ತು ಸುತ್ತಲಿನ ಏಳು ಊರುಗಳಿಗೆ ಅವಳು ಆರೋಗ್ಯ ಸ್ವಯಂಸೇವಕಿ, ಹತ್ತೊಂಬತ್ತು ವರ್ಷಗಳಿಂದ. ಕೆಲಸಕ್ಕೆ ಕೂಲಿಯಿಲ್ಲ. ವರ್ಷಕ್ಕೊಂದು ಟೀ ಶರ್ಟು ಬರುತ್ತದೆ, ಬೆನ್ನ ಮೇಲೆ ಘೋಷಣೆ ಬರೆದದ್ದು. ದಿನಕ್ಕೆ ಹತ್ತು ಹನ್ನೆರಡು ಮಂದಿಯ ಮೈ ನೋಡುತ್ತಾಳೆ, ವಾರಕ್ಕೆ ಎರಡು ದಿನ ಬೇರೆ ಊರಿಗೆ ನಡೆಯುತ್ತಾಳೆ. ದೂರದ ಊರು ಹದಿನಾರು ಕಿಲೋಮೀಟರ್, ಬೆಳಕು ಹುಟ್ಟುವ ಮೊದಲೇ ಅಲ್ಲಿರಬೇಕೆಂದು ಹಿಂದಿನ ಸಂಜೆಯೇ ಹೋಗಿ ಯಾರದೋ ಜಗಲಿಯಲ್ಲಿ ಮಲಗುತ್ತಾಳೆ. ನೋಡಿದ ನೂರರಲ್ಲಿ ತೊಂಬತ್ತೈದು ಕಜ್ಜಿ, ಚಿಬ್ಬು, ಹುಳುಕಡ್ಡಿ, ಬೊಕ್ಕೆ. ಮಿಕ್ಕ ಐದರಲ್ಲಿ ಎಲ್ಲೋ ಒಮ್ಮೆ ಅಡಗಿರುವ ಕುಷ್ಠವನ್ನು ಹುಡುಕುವುದೇ ಅವಳ ನಿಜವಾದ ಕೆಲಸ. ಈವರೆಗೆ ನೂರ ಎಂಬತ್ತಮೂರು ಜನರಲ್ಲಿ ಅವಳು ಕುಷ್ಠವನ್ನು ಮೊದಲೇ ಗುರುತಿಸಿದ್ದಾಳೆ. ಬೇಕಾದರೆ ನೂರ ಎಂಬತ್ತಮೂರು ಹೆಸರನ್ನೂ ಹೇಳುತ್ತಾಳೆ, ಕಲೆ ಎಲ್ಲಿತ್ತು ಎನ್ನುವುದರ ಸಮೇತ. ಜಿಲ್ಲಾ ಆರೋಗ್ಯ ಕಚೇರಿಯ ಕಾಗದದಲ್ಲಿ ಮಾತ್ರ ಅವಳ ಹೆಸರು ಒಂದು ಕಡೆಯೂ ಇಲ್ಲ. ಅಲ್ಲಿ 'ಪತ್ತೆ ಮಾಡಿದವರು' ಎನ್ನುವ ಜಾಗದಲ್ಲಿ ಸಹಿ ಮಾಡಲು ಬರುವವರ ಹೆಸರು ಇರಬೇಕಂತೆ.

"ಸಂಬಳ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಕೊಟ್ರೆ ಎರಡೂ ಕೈಲಿ ತಗೋತೀನಿ, ನಾನೇನು ಸಂತಳಲ್ಲ. ಕೇಳಿದ್ರೆ 'ನೀವು ಸಮುದಾಯದ ಹೃದಯ' ಅಂತಾರೆ. ಹೃದಯಕ್ಕೆ ಹೊಟ್ಟೆ ಇರಲ್ವಾ?"

ಹೊಟ್ಟೆಪಾಡಿಗೆ ಅವಳು ಮುಸಿರೊ ತೇಯುತ್ತಾಳೆ. ತಾಯಿಯಿಂದ ಬಂದ ಕಸುಬು. ಮುಸಿರೊ ಮರದ ಕೊರಡನ್ನು ಕಲ್ಲಿನ ಮೇಲೆ ನೀರು ಚಿಮುಕಿಸಿ ಗಂಧದಂತೆ ತೇಯ್ದರೆ ಬೆಣ್ಣೆಯಂಥ ಬಿಳಿ ಲೇಪ ಬರುತ್ತದೆ. ಮದುವಣಗಿತ್ತಿಯರಿಗೆ ಮುಖಕ್ಕೂ ತೋಳಿಗೂ ಬೆನ್ನಿಗೂ ಅದನ್ನು ಹಚ್ಚುವುದು, ದಿನ ಬಿಟ್ಟು ದಿನ ತೊಳೆಯುವುದು, ಮತ್ತೆ ಹಚ್ಚುವುದು. ಹೀಗೆ ನಲವತ್ತು ವರ್ಷ ಅವಳ ಬೆರಳು ಹೆಣ್ಣುಮಕ್ಕಳ ಚರ್ಮದ ಮೇಲೆ ಓಡಾಡಿದೆ. ಕಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಅವಳ ಹತ್ತಿರ ಉತ್ತರವಿದೆ. ಹುರಿದ ಗೇರುಸಿಪ್ಪೆಯ ಕಪ್ಪು ಬೇರೆ, ಹಣ್ಣು ಹುಣಸೆಯದು ಬೇರೆ, ಮಡಕೆ ತಳದ್ದು ಬೇರೆ, ಮಳೆ ಬಿದ್ದ ಮಣ್ಣಿನದು ಬೇರೆ. ಉರಿಯೂತವಾದರೆ ಹುಣಸೆಬಣ್ಣದ ಮೈ ಬದನೆಕಾಯಿಯ ಹೊಳಪಿಗೆ ತಿರುಗುತ್ತದೆ, ಮಡಕೆ ತಳದ ಮೈ ಬೂದಿ ಬಡಿದಂತಾಗುತ್ತದೆ. ಕೆಂಪು ಯಾವುದೂ ಆಗುವುದಿಲ್ಲ.

ಆದರೆ ಹೊಟ್ಟೆ ತುಂಬಿಸುವ ಈ ಲೇಪವೇ ಒಮ್ಮೆ ಅವಳ ಕೈಯಿಂದ ಒಂದು ಅನಾಹುತ ಮಾಡಿಸಿತ್ತು. ಇಲ್ಲಿ ಮೈ ಮೇಲೆ ಏನೇ ಎದ್ದರೂ ಮೊದಲ ಮದ್ದು ಮುಸಿರೊ. ತಂಗಿ ಅಲಿಮಾಳ ಮದುವೆಯಲ್ಲಿ, ಹೆಗಲ ಮೇಲಿದ್ದ ತಾಮ್ರದ ಕಾಸಿನಗಲದ ಮಾಸಲು ಕಲೆಯನ್ನು ಇಪ್ಪತ್ತೆರಡು ವರ್ಷದ ಮುವಾಜುಮಾ ದಪ್ಪಗೆ ಲೇಪ ಹಚ್ಚಿ ಮುಚ್ಚಿದ್ದಳು. ಕುಣಿತ ಶುರುವಾಯಿತು. ಬೆವರಿಗೆ ಹುಡುಗಿಯರೆಲ್ಲರ ಲೇಪ ಗೆರೆಗೆರೆಯಾಗಿ ಇಳಿಯಿತು. ಅಲಿಮಾಳ ಹೆಗಲಿನ ಆ ಜಾಗದ್ದು ಮಾತ್ರ ಒಂಚೂರೂ ಕದಲಲಿಲ್ಲ, ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೇ ಇತ್ತು.

"ಎಲ್ಲರಿಗೂ ಕರೆಕರೆದು ತೋರಿಸಿದೆ," ಎನ್ನುವಾಗ ಅವಳು ಯಾರ ಮುಖವನ್ನೂ ನೋಡುವುದಿಲ್ಲ. "ನೋಡ್ರೇ, ನನ್ನ ಕೈಗುಣ, ಹೆಂಗೆ ಕೂತಿದೆ ಅಂತ. ಬೆವರು ಬರದ ಚರ್ಮ ಸತ್ತ ಚರ್ಮ ಅಂತ ಯಾರಿಗೆ ಗೊತ್ತಿತ್ತು? ನಾಲ್ಕು ವರ್ಷಕ್ಕೆ ಅವಳ ಬೆರಳು ಮಡಚಿಕೊಂಡ್ವು. ಆರನೇ ವರ್ಷಕ್ಕೆ ಮೂರು ಬೆರಳು ಇರ್ಲಿಲ್ಲ."

ತಂಗಿಯನ್ನು ಕುಷ್ಠಾಶ್ರಮಕ್ಕೆ ಸೇರಿಸಿ, ಅವಳಿಗೆ ಉಣಿಸುವವರಿಲ್ಲವೆಂದು ತಾನೂ ಅಲ್ಲೇ ಉಳಿದು ಎರಡು ವರ್ಷ ಅಡುಗೆ ಮಾಡಿದಳು ಮುವಾಜುಮಾ. ಗಂಜಿ ಬಡಿಸುತ್ತ ಬಡಿಸುತ್ತ ನಾನೂರು ಜನರ ಮೈ ನೋಡಿದಳು. ಯಾವ ಕಲೆ ತುರಿಸುತ್ತದೆ, ಯಾವುದು ತುರಿಸದೆ ನೋಯದೆ ಸಾಧುವಿನಂತೆ ಕೂತಿರುತ್ತದೆ. "ತುರಿಸೋದು ಬೊಗಳೋ ನಾಯಿ. ಸುಮ್ನಿರೋದೇ ಕಚ್ಚೋದು" ಎನ್ನುವುದು ಅಲ್ಲಿ ಕಲಿತ ಪಾಠ. ಕಣ್ಣು ಮುಚ್ಚಿಸಿ ಕೋಳಿಯ ಗರಿಯಿಂದ ಸವರಿ, ಎಲ್ಲಿ ಮುಟ್ಟಿದೆ ಹೇಳು ಎಂದು ಕೇಳುವುದನ್ನೂ ಅಲ್ಲೇ ಕಲಿತದ್ದು. ಕುಷ್ಠದ ಕಲೆಗೆ ಗರಿ ಮುಟ್ಟಿದ್ದು ತಿಳಿಯುವುದಿಲ್ಲ.

ಈ ಕಣ್ಣಿಗೆ ಕಚೇರಿ ಕೊಟ್ಟ ಗೌರವ ಏನೆಂದು ಕೇಳಿ. ಎಂಟು ವರ್ಷದ ಕೆಳಗೆ ಒಂದು ಪಟ ಕಳಿಸಿತು, 'ಚರ್ಮರೋಗಗಳನ್ನು ಗುರುತಿಸಿ' ಎಂದು. ಹನ್ನೆರಡು ಚಿತ್ರ. ಹನ್ನೆರಡೂ ಬಿಳಿ ಮೈಯವರದು. ಕೆಂಪು ಉಂಗುರ, ಕೆಂಪು ಚುಕ್ಕೆ, ಗುಲಾಬಿ ತೇಪೆ. ಕರಿಯ ಮೈಯವರೇ ಇರುವ ಜಿಲ್ಲೆಗೆ ಇದನ್ನು ಅಚ್ಚು ಹಾಕಿಸಿ, ಸುರುಳಿ ಸುತ್ತಿ, ಲಾರಿಗೆ ಹೇರಿ ಕಳಿಸುವವರೆಗೆ ಎಷ್ಟು ಜನರ ಕಣ್ಣು ಅದರ ಮೇಲೆ ಬಿದ್ದಿರಬೇಕು! ಒಬ್ಬರೂ ಕೇಳಲಿಲ್ಲ. ಮುವಾಜುಮಾ ಅದನ್ನು ತಿಂಗಳುಗಟ್ಟಲೆ ನೋಡಿ ಮಡಚಿಟ್ಟಳು. "ನಮ್ಮೂರಲ್ಲಿ ಕೆಂಪಗಾದೋನು ನಾನು ಕಂಡಂಗೆ ಒಬ್ನೇ, ಹಿಂದೆ ಇದ್ದ ವಿದೇಶಿ ಪಾದ್ರಿ. ಅದೂ ಬಿಸಿಲಿಗೆ. ಅವನಿಗೆ ಕಾಯಿಲೆ ಇರ್ಲಿಲ್ಲ, ಟೋಪಿ ಇರ್ಲಿಲ್ಲ."

ಪಟವನ್ನಾದರೂ ಮಡಚಿಡಬಹುದು. ಎರಡು ವರ್ಷದ ಹಿಂದೆ ಬಂದ ನಿಯಮವನ್ನು ಮಡಚಿಡಲು ಆಗಲಿಲ್ಲ. ಸ್ವಯಂಸೇವಕರು ಬರೀ ಕಣ್ಣಿನಿಂದ ನೋಡಿ ಹೇಳಿದ್ದನ್ನು ಇನ್ನು ಮುಂದೆ ಒಪ್ಪುವುದಿಲ್ಲ. ಆರೋಗ್ಯ ಕೇಂದ್ರದ ತಂತ್ರಜ್ಞ ಫೋನಿನಲ್ಲಿ ಕಲೆಯ ಚಿತ್ರ ತೆಗೆದು ಪಟ್ಟಣಕ್ಕೆ ಕಳಿಸಬೇಕು. ಅಲ್ಲಿಯ ವೈದ್ಯರು ಚಿತ್ರ ನೋಡಿ ಒಪ್ಪಿ ಒಂದು ಸಂಖ್ಯೆ ಕಳಿಸಬೇಕು. ಸಂಖ್ಯೆ ಇಲ್ಲದೆ ಕುಷ್ಠದ ಮಾತ್ರೆಯ ಬೀರು ತೆರೆಯುವಂತಿಲ್ಲ. ಮಾತ್ರೆ ಪುಕ್ಕಟೆ. ಬೀರು ತುಂಬ ಇದೆ. ಬೀಗವೂ ಇದೆ.

ಕಳೆದ ಏಪ್ರಿಲಿನಲ್ಲಿ ಈ ನಿಯಮ ಶಮೀಲಾಳ ಕೈಗೆ ಬಂದು ತಗುಲಿತು.

ಶಮೀಲಾಳಿಗೆ ಹತ್ತೊಂಬತ್ತು ವರ್ಷ, ಮದುವೆ ಗೊತ್ತಾಗಿತ್ತು. ಲೇಪ ಹಚ್ಚಲು ಮುವಾಜುಮಾಳಿಗೆ ಕರೆ ಬಂತು. ಅವಳ ಪದ್ಧತಿಯೆಂದರೆ ಹಚ್ಚುವ ಮೊದಲು ಹೆಣ್ಣನ್ನು ಬೆಳಗಿನ ಬೆಳಕಿಗೆ ಪಕ್ಕವಾಗಿ ನಿಲ್ಲಿಸಿ ನೋಡುವುದು. ಅಲಿಮಾ ಆದಮೇಲೆ ಒಂದು ಮದುವೆಯಲ್ಲೂ ಇದನ್ನು ತಪ್ಪಿಸಿಲ್ಲ. ಶಮೀಲಾಳ ಎಡ ಮೊಣಕೈಯ ಕೆಳಗೆ, ಮೊಟ್ಟೆಯಗಲದ ಒಂದು ಕಲೆ, ಸುತ್ತಲಿನದಕ್ಕಿಂತ ಒಂದು ಕಾವು ಹೆಚ್ಚು ಕಾದ ತಾಮ್ರದ ಬಣ್ಣ. ರೋಮ ಉದುರಿದೆ. ಗರಿ ಆಡಿಸಿದರೆ ಹುಡುಗಿ ಸುಮ್ಮನಿದ್ದಾಳೆ. ಮೊಣಕೈಯ ಒಳಗಡೆ ಒತ್ತಿದಾಗ ನರ ಹಗ್ಗದಂತೆ ದಪ್ಪಗೆ ಸಿಕ್ಕಿತು.

ತಾಯಿ ಅವಾ ಬಾಗಿಲು ಹಾಕಿ ಬಂದಳು.

"ಮುವಾಜುಮಾ, ನಿನ್ನ ದಮ್ಮಯ್ಯ. ಹಚ್ಚಿ ಮುಚ್ಚಿಬಿಡು. ಹನ್ನೊಂದೇ ದಿನ. ಮದುವೆ ಆಗ್ಲಿ, ಆಮೇಲೆ ನೀನು ಹೇಳಿದಲ್ಲಿಗೆ ಬರ್ತೀವಿ."

"ಮುಚ್ಚೋದು ನನಗೆ ಚೆನ್ನಾಗಿ ಬರುತ್ತೆ ಕಣೇ ಅವಾ. ನನ್ನಷ್ಟು ಚೆನ್ನಾಗಿ ಮುಚ್ಚೋರು ಈ ಸೀಮೇಲಿ ಯಾರೂ ಇಲ್ಲ. ಹೋಗಿ ಅಲಿಮಾ ಕೈ ನೋಡ್ಕೊಂಡು ಬಾ."

"ಗಂಡಿನ ಕಡೆಯೋರು ಬಿಟ್ಟು ಹೋದ್ರೆ?"

"ಗಂಡು ಹೋದ್ರೆ ಇನ್ನೊಬ್ಬ ಬರ್ತಾನೆ. ಬೆರಳು ಹೋದ್ರೆ?"

ಮಾರನೆಯ ದಿನ ಇಬ್ಬರೂ ಹುಡುಗಿಯನ್ನು ಕರೆದುಕೊಂಡು ಹದಿನಾಲ್ಕು ಕಿಲೋಮೀಟರ್ ನಡೆದು ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿಯ ತಂತ್ರಜ್ಞ ಬೆಲಾರ್ಮಿನೊ ಇಪ್ಪತ್ತೇಳರ ಯುವಕ, ಪಟ್ಟಣದವನು, ಕೆಟ್ಟವನಲ್ಲ. ನಡುಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಿ ಚಿತ್ರ ತೆಗೆದು ಕಳಿಸಿದ. ಮೂರು ವಾರದ ಮೇಲೆ ಉತ್ತರ ಬಂತು. ಹುಳುಕಡ್ಡಿ, ಮುಲಾಮು ಕೊಡಿ.

"ಹುಳುಕಡ್ಡಿ ಆಗಿದ್ರೆ ಕೆರೀಬೇಕಲ್ಲಪ್ಪ. ಈ ಹುಡುಗಿ ಒಂದು ಸಲ ಕೆರೆದಿದ್ದು ನೀನು ನೋಡಿದ್ಯಾ?"

"ನಾನೇನು ಮಾಡ್ಲಿ ಅಮ್ಮಾ, ವೈದ್ಯರು ಬರೆದಿದ್ದಾರೆ."

"ಅವರು ನೋಡಿದ್ದು ಫೋನನ್ನ. ನಾನು ನೋಡಿದ್ದು ಕೈಯನ್ನ."

ಎರಡು ತಿಂಗಳು ಮುಲಾಮು ಹಚ್ಚಿದ್ದಾಯಿತು. ಜೂನಿನಲ್ಲಿ ಶಮೀಲಾ ಹಿಟ್ಟು ಜರಡಿ ಹಿಡಿಯುವಾಗ ಅದು ಎಡಗೈಯಿಂದ ಜಾರತೊಡಗಿತು. ಕಿರುಬೆರಳು ಒಳಕ್ಕೆ ಬಾಗುತ್ತಿತ್ತು, ಉಂಗುರಬೆರಳು ಅದರ ಹಿಂದೆ ಹೊರಟಿತ್ತು. ನರ ಕೆಡಲು ಶುರುವಾಗಿ ಆರು ತಿಂಗಳೊಳಗೆ ಮದ್ದು ಬಿದ್ದರೆ ಬೆರಳು ವಾಪಸು ಬರಬಹುದು. ತಡವಾದಷ್ಟೂ ಬರುವುದು ಕಡಿಮೆ. ಆಶ್ರಮದಲ್ಲಿ ಗಂಜಿ ಬಡಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜುಲೈನಲ್ಲಿ ಮತ್ತೆ ಹದಿನಾಲ್ಕು ಕಿಲೋಮೀಟರ್, ಮತ್ತೆ ಚಿತ್ರ. ಬೆಳಿಗ್ಗೆ ತೆಗಿ ಎಂದು ಬೇಡಿಕೊಂಡಳು. ಕೇಂದ್ರದ ಬಾಗಿಲು ತೆರೆಯುವುದೇ ಒಂಬತ್ತಕ್ಕೆ. ಈ ಸಲ ಬಂದ ಉತ್ತರ ಇನ್ನೂ ಚಿಕ್ಕದು. 'ಕಲೆ ಕಾಣುತ್ತಿಲ್ಲ. ಸ್ಪಷ್ಟ ಚಿತ್ರ ಕಳಿಸಿ.'

ಕಾಣುತ್ತಿಲ್ಲವಂತೆ! ಅಲಿಮಾಳ ಕಣ್ಣು ಕಾಣದ ಮುದಿ ಅತ್ತೆ ಕೂಡ ಬೆರಳು ಸವರಿ ಇಲ್ಲಿದೆ ಎಂದು ತೋರಿಸಿದ್ದಳು. ಬಿಳಿ ಮೈಗಳನ್ನು ನೋಡಿ ಕಲಿತ ಕಣ್ಣು, ಬಿಳಿ ಮುಖಗಳಿಗಾಗಿ ಹದ ಮಾಡಿದ ಕ್ಯಾಮೆರಾ, ನಡುಮಧ್ಯಾಹ್ನದ ಬಿಸಿಲು. ಮೂರೂ ಸೇರಿ ಹತ್ತೊಂಬತ್ತರ ಹೆಣ್ಣೊಬ್ಬಳ ಕೈಗೆ ಏನೂ ಆಗಿಲ್ಲವೆಂದು ತೀರ್ಪು ಕೊಟ್ಟವು. ಮದುವೆ ಮುಂದಕ್ಕೆ ಹೋಗಿತ್ತು. ಗಂಡಿನ ಸೋದರಮಾವ ಬಂದು, ಕಾರಣ ಕೇಳಿ, ಕೊಟ್ಟ ನೀರನ್ನು ಕುಡಿಯದೆ ಎದ್ದು ಹೋಗಿದ್ದ.

ಆಗಸ್ಟ್ ಪೂರ್ತಿ ಮುವಾಜುಮಾ ಜಗಳವಾಡಿದಳು. ಕೇಂದ್ರಕ್ಕೆ ನಾಲ್ಕು ಸಲ ಹೋದಳು. ಒಮ್ಮೆ ಜಿಲ್ಲಾ ಕಚೇರಿಗೇ ಲಾರಿ ಹತ್ತಿ ಹೋದಳು. ಅಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮಧ್ಯಾಹ್ನದವರೆಗೆ ಕಾಯಿಸಿ, ಹೊಸ ಟೀ ಶರ್ಟು ಕೊಟ್ಟು ಕಳಿಸಿದರು.

"ಅದನ್ನ ಏನು ಮಾಡಿದೆ ಗೊತ್ತಾ? ಒರಳು ಒರೆಸೋಕೆ ಇಟ್ಕೊಂಡೆ. ಒಳ್ಳೆ ಬಟ್ಟೆ, ನೀರು ಚೆನ್ನಾಗಿ ಹೀರುತ್ತೆ."

ಉಪಾಯ ಹೊಳೆದದ್ದು ಸೆಪ್ಟೆಂಬರಿನಲ್ಲಿ. ಹೊಳೆಯಿತು ಎನ್ನುವುದಕ್ಕಿಂತ, ಮೂವತ್ತನಾಲ್ಕು ವರ್ಷ ನೆನೆಯಲು ಹೆದರಿದ್ದನ್ನು ಬೇಕೆಂದೇ ನೆನೆದಳು ಎನ್ನಬೇಕು. ತಿಂಗಳಿಗೊಮ್ಮೆ ಮಕ್ಕಳಿಗೆ ಲಸಿಕೆ ಹಾಕಲು ಬೆಲಾರ್ಮಿನೊ ಬೈಕಿನಲ್ಲಿ ನಮೆತಿಲಾಕ್ಕೆ ಬರುತ್ತಾನೆ. ಆ ದಿನ ಮಾವಿನ ಮರದಡಿ ಊರೆಲ್ಲ ನೆರೆದಿತ್ತು. ಮುವಾಜುಮಾ ಕಲ್ಲು ತಂದು ಎಲ್ಲರೆದುರು ಮುಸಿರೊ ತೇಯ್ದಳು. ಶಮೀಲಾಳನ್ನು ಕೂರಿಸಿ ಎರಡೂ ಕೈಗೆ ಮೊಣಕೈ ಮೇಲಿಂದ ಮುಂಗೈವರೆಗೆ ತೆಳ್ಳಗೆ, ಒಂದೇ ಸಮನಾಗಿ ಹಚ್ಚಿ ಒಣಗಲು ಬಿಟ್ಟಳು.

"ಮದುಮಗಳಿಗೆ ಮುಖ ಬಿಟ್ಟು ಕೈಗೆ ಹಚ್ತಿದೀಯಲ್ಲೇ, ವಯಸ್ಸಾಯ್ತಾ?" ಎಂದು ಯಾರೋ ಛೇಡಿಸಿದರು.

"ಇದು ಮದುಮಗಂಗೆ ಅಲ್ಲ, ಡಾಕ್ಟ್ರಪ್ಪಂಗೆ. ಶಮೀಲಾ, ಒನಕೆ ತಗೋ. ಕುಟ್ಟು."

ಒರಳಿನಲ್ಲಿ ಒಣ ಮರಗೆಣಸು. ಶಮೀಲಾ ಕುಟ್ಟಿದಳು. ಎಡಗೈ ಹಿಡಿತ ಜಾರಿದಾಗ ಅವಾ ಎದುರು ನಿಂತು ಇನ್ನೊಂದು ಒನಕೆ ಎತ್ತಿದಳು; ಒಂದರ ಹಿಂದೊಂದು, ತಾಯಿ ಮಗಳು. ಬೆಲಾರ್ಮಿನೊ ಒಂದು ಮಗುವಿಗೆ ಲಸಿಕೆ ಹಾಕುತ್ತ, "ಅಮ್ಮಾ, ಇದೆಲ್ಲ ಯಾಕೆ, ನನಗೆ ಹೊತ್ತಾಗುತ್ತೆ" ಎಂದ. "ಈ ಹುಡುಗಿಗೂ ಹೊತ್ತಾಗ್ತಿದೆ ಕಣಪ್ಪ, ಕೂತ್ಕೋ" ಎಂದಳು ಮುವಾಜುಮಾ. ಸೆಪ್ಟೆಂಬರಿನ ಬಿಸಿಲು. ಅರ್ಧ ಗಂಟೆ ಕಳೆಯುವುದರಲ್ಲಿ ಶಮೀಲಾಳ ಬಲಗೈಯ ಲೇಪ ಬೆವರಿಗೆ ಕದಡಿ, ಗೆರೆ ಬಿದ್ದು, ಹನಿಹನಿಯಾಗಿ ಇಳಿಯಿತು. ಎಡಗೈಯದೂ ಇಳಿಯಿತು, ಆದರೆ ಮೊಣಕೈಯ ಕೆಳಗೆ ಒಂದು ಕಡೆ ಮಾತ್ರ ಇಳಿಯಲಿಲ್ಲ. ಸುತ್ತ ಎಲ್ಲ ಒದ್ದೆಗಪ್ಪು, ನಡುವೆ ಮೊಟ್ಟೆಯಗಲದ ಒಣ ಬಿಳುಪು, ಕತ್ತರಿಸಿ ಅಂಟಿಸಿದಂತೆ.

ಒನಕೆಗಳ ಸದ್ದು ನಿಂತಿತು. ಬೆಲಾರ್ಮಿನೊ ಎದ್ದು ಬಂದ. ಬಿಳುಪಿನ ಮೇಲೆ ಬೆರಳಿಟ್ಟ. ಬೆರಳಿಗೆ ಒಣ ಹುಡಿ ಹತ್ತಿತು. ಪಕ್ಕದಲ್ಲಿ ಇಟ್ಟ, ಒದ್ದೆಯಾಯಿತು. ಮತ್ತೆ ಬಿಳುಪಿನ ಮೇಲೆ ಇಟ್ಟ.

"ಇದನ್ನ ನನಗೆ ಕಾಲೇಜಲ್ಲಿ ಬಾಯಿಪಾಠ ಮಾಡ್ಸಿದ್ರು," ಎಂದ ಮೆಲ್ಲಗೆ. "ಕಲೆ ಇರೋ ಕಡೆ ಬೆವರು ಬರಲ್ಲ ಅಂತ. ಕಣ್ಣಾರೆ ನೋಡಿದ್ದು ಇವತ್ತೇ."

"ಈಗ ತೆಗಿ ನಿನ್ನ ಫೋನು. ಮಧ್ಯಾಹ್ನದ ಬಿಸಿಲಲ್ಲೇ ತೆಗಿ. ಇದನ್ನೂ ಕಾಣ್ಸಲ್ಲ ಅಂತಾರಾ ಕೇಳು."

ನಾಲ್ಕನೆಯ ದಿನ ಸಂಖ್ಯೆ ಬಂತು. ಅದರ ಜೊತೆ ಪಟ್ಟಣದ ವೈದ್ಯರ ಒಂದು ಸಾಲು: 'ಚಿತ್ರ ಬಹಳ ಸ್ಪಷ್ಟವಾಗಿದೆ. ಯಾವ ಬಣ್ಣ ಬಳಸಿದ್ದೀರಿ?' ಬೆಲಾರ್ಮಿನೊ ಮಾತ್ರೆಯ ಪಟ್ಟಿಯನ್ನೂ ನರಕ್ಕೆ ಬೇಕಾದ ಗುಳಿಗೆಯನ್ನೂ ಬೈಕಿನಲ್ಲಿ ತಾನೇ ತಂದುಕೊಟ್ಟ. ಮೊದಲ ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗಾಯಿತೆಂದು ಅವಾ ಕಿರುಚಿಕೊಂಡು ಓಡಿಬಂದಳು. "ಅದು ಮಾತ್ರೆ ಬಣ್ಣ ಕಣೇ. ಅಂತೂ ನಮ್ಮಲ್ಲೂ ಏನೋ ಒಂದು ಕೆಂಪಗಾಯ್ತಲ್ಲ, ಹಬ್ಬ ಮಾಡು" ಎಂದಳು ಮುವಾಜುಮಾ.

ಡಿಸೆಂಬರಿನಲ್ಲಿ ಜಿಲ್ಲಾ ಕಚೇರಿಯ ವಾರ್ಷಿಕ ಸಭೆ ನಡೆಯಿತು. ಶಮೀಲಾಳ ಕೈಯ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು, ಫೋನ್ ಚಿತ್ರ ಯೋಜನೆಯ ಯಶಸ್ಸಿನ ಉದಾಹರಣೆ ಎಂದು. ಎರಡು ಸಲ ಅದೇ ಯೋಜನೆ ಅವಳನ್ನು ವಾಪಸು ಕಳಿಸಿತ್ತು ಎನ್ನುವುದು ಆ ಗೋಡೆಯ ಮೇಲೆ ಬರಲಿಲ್ಲ. ಮುವಾಜುಮಾ ಅದರ ಮೇಲೆ ಬಂದಳು, ಹೆಸರಿಲ್ಲದೆ, 'ಸ್ಥಳೀಯ ಮಹಿಳೆಯೊಬ್ಬರ ಸಹಕಾರದಿಂದ' ಎಂಬ ಐದನೆಯ ಸಾಲಿನಲ್ಲಿ. ಬೆಲಾರ್ಮಿನೊ ಎದ್ದು ನಿಂತು ಅವಳ ಹೆಸರು ಹೇಳಿದನಂತೆ. ಹೊತ್ತಾಗಿದೆ, ಪ್ರಶ್ನೆಗಳು ಊಟದ ಮೇಲೆ ಎಂದರಂತೆ. ಕೋಳಿ ಊಟವಿತ್ತು. ಊಟದ ಮೇಲೆ ಯಾರೂ ಏನೂ ಕೇಳಲಿಲ್ಲ.

ಶಮೀಲಾಳದು ಆರು ತಿಂಗಳ ಮದ್ದು. ಮೊನ್ನೆ ಮಂಗಳವಾರ ಕೊನೆಯ ಪಟ್ಟಿ ಖಾಲಿಯಾಯಿತು. ಕಲೆ ಮಾಸಿದೆ, ಮೊಣಕೈಯ ಕೆಳಗೆ ಎಳೆಯ ರೋಮ ಮೂಡಿದೆ. ಜನವರಿಯಲ್ಲಿ ಗಂಡು ತಾನೇ ಬಂದ, ಸೋದರಮಾವನನ್ನು ಬಿಟ್ಟು. ಮದ್ದು ತಿನ್ನುವವರಿಂದ ಈ ಕಾಯಿಲೆ ಅಂಟುವುದಿಲ್ಲವೆಂದು ಮುವಾಜುಮಾ ಅವನಿಗೆ ಮೂರು ಸಲ ಹೇಳಿದಳು. ನನಗೆ ಮೊದಲನೇ ಸಲಕ್ಕೇ ತಿಳೀತು ಎಂದನಂತೆ. ಗೇರು ಸುಗ್ಗಿಗೆ ಮೊದಲು ಮದುವೆ. ಮಂಗಳವಾರ ಬೆಲಾರ್ಮಿನೊ ಚಿಕಿತ್ಸೆ ಮುಗಿದುದರ ಕಾಗದ ತುಂಬಲು ಬಂದಿದ್ದ, ಬೆಳಿಗ್ಗೆ ಆರು ಗಂಟೆಗೆ. ಈಗ ಅವನು ನಮೆತಿಲಾಕ್ಕೆ ಬರುವುದು ಆ ಹೊತ್ತಿಗೇ.

ಮುವಾಜುಮಾ ಮರಗೆಣಸಿನ ಎಲೆಯೊಂದನ್ನು ಉದ್ದಕ್ಕೆ ಸೀಳಿದಳು. ಶಮೀಲಾಳ ಎಡಗೈಯ ಹೆಬ್ಬೆರಳು ತೋರುಬೆರಳಿನ ಸಂದಿಗೆ ಇಟ್ಟು, "ಬಿಗಿಯಾಗಿ ಹಿಡಿ" ಎಂದು ಎಳೆದಳು. ಬೆರಳ ಹಿಡಿತಕ್ಕೆ ಎಲೆ ಜಾರದೆ ಹರಿಯಿತು. ಮುಂದಿನ ಸಂದಿಗೆ ಇಟ್ಟಳು. ಹರಿಯಿತು. ನಡುಬೆರಳು ಉಂಗುರಬೆರಳಿನ ನಡುವೆ ಇಟ್ಟಾಗ ಒಂದು ಕ್ಷಣ ತಡೆದು, ಅಲ್ಲೂ ಹರಿಯಿತು. ಅವಾಳ ಬಾಯಿಂದ ಸಣ್ಣ ಕೇಕೆಯೊಂದು ಹೊರಟಿತು. ಕೊನೆಗೆ ಕಿರುಬೆರಳಿನ ಪಕ್ಕ ಇಟ್ಟಳು. ಶಮೀಲಾ ಹಲ್ಲು ಕಚ್ಚಿ ಹಿಡಿದಳು. ಎಲೆ ಹರಿಯಲಿಲ್ಲ; ನುಣ್ಣಗೆ ಜಾರಿ ಮುವಾಜುಮಾಳ ಕೈಗೆ ಬಂತು. ಇನ್ನೊಮ್ಮೆ ಇಟ್ಟಳು. ಇನ್ನೊಮ್ಮೆಯೂ ಜಾರಿತು.

"ಪರವಾಗಿಲ್ಲ ಅಮ್ಮಾ," ಎಂದಳು ಶಮೀಲಾ. "ಜರಡಿ ಹಿಡೀತೀನಿ. ಒನಕೆ ಹಿಡೀತೀನಿ."

"ಪರವಾಗಿಲ್ಲ ಅಂತ ನೀನು ಹೇಳ್ಬೇಡ. ಏಪ್ರಿಲಲ್ಲಿ ಮದ್ದು ಕೊಟ್ಟಿದ್ರೆ ಇದೂ ಹಿಡೀತಿತ್ತು."

ಬೆಲಾರ್ಮಿನೊ ಕಾಗದದ ಮೇಲೆ ಪೆನ್ನು ಊರಿದ್ದವನು ಎತ್ತಿದ. 'ಉಳಿದ ಅಂಗವೈಕಲ್ಯ' ಎನ್ನುವ ಕಡೆ ಅವನ ಕೈ ನಿಂತಿತ್ತು. ಅವನು ತಲೆಯೆತ್ತದೆ ಕೇಳಿದ: "ಏನಂತ ಬರೀಲಿ ಅಮ್ಮಾ?"

ಮುವಾಜುಮಾ ಹರಿದ ಎಲೆಚೂರುಗಳನ್ನು ಮಡಿಲಿನಿಂದ ಕೊಡವಿ ಎದ್ದಳು. ಸಾಲಿನಲ್ಲಿ ಆಗಲೇ ಒಂಬತ್ತು ಜನ ಕಾಯುತ್ತಿದ್ದರು.

"ಕಿರುಬೆರಳು ಆಫೀಸಿಂದು ಅಂತ ಬರಿ," ಎಂದಳು. "ಉಳಿದ ನಾಲ್ಕು ಮುವಾಜುಮಾದು."